ಕಟ್ಟಡಕ್ಕೂ ಮೊದಲು ತೆರೆದ ಮ್ಯೂಸಿಯಂ

ವಿಶಾಖಪಟ್ಟಣದ ಮಧುರವಾಡದಲ್ಲಿರುವ ನನ್ನಂಥವರಿಗೆ ಬೆಂಗಳೂರಿನ ಗ್ಯಾಲರಿಗಳು ಯಾವತ್ತೂ ಮುಚ್ಚಿದ ಹಾಗೇ ಲೆಕ್ಕ. ಊರಿಗೆ ಹೋದಾಗ ಮದುವೆ, ಗೃಹಪ್ರವೇಶ, ಆಸ್ಪತ್ರೆ ಅಂತ ಓಡಾಡುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಹಾಗಾಗಿ ಕೋವಿಡ್ ಕಾಲದಲ್ಲಿ ಎಲ್ಲರೂ ಹೊರಗುಳಿದಾಗ, ದೂರದಲ್ಲಿದ್ದ ನಮಗೂ ಬೆಂಗಳೂರಿನವರಿಗೂ ಒಂದೇ ಸಾಲಿನಲ್ಲಿ ಜಾಗ ಸಿಕ್ಕಿತು.

ಕಸ್ತೂರ್ಬಾ ರಸ್ತೆಯ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಭಿಷೇಕ್ ಪೊದ್ದಾರ್ ಸ್ಥಾಪಿಸಿದ ಸಂಸ್ಥೆ. ಕಟ್ಟಡ ಸಿದ್ಧವಾಗುವ ಮೊದಲೇ, 2020ರ ಡಿಸೆಂಬರ್‌ನಲ್ಲಿ ಅದು ಆನ್‌ಲೈನಿನಲ್ಲಿ ಉದ್ಘಾಟನೆಯಾಯಿತು. ಕಟ್ಟಡ ತೆರೆದದ್ದು 2023ರ ಫೆಬ್ರವರಿಯಲ್ಲಿ. ನಮ್ಮ ಪ್ರಾಜೆಕ್ಟುಗಳಲ್ಲಾದರೆ ಇಷ್ಟು ತಡವಾದದ್ದಕ್ಕೆ ಕಾರಣ ಬರೆಯುವುದರಲ್ಲೇ ಅರ್ಧ ಆಯಸ್ಸು ಹೋಗುತ್ತಿತ್ತು. ಮ್ಯಾಪ್ ಆ ಅವಧಿಯಲ್ಲಿ ಉಪನ್ಯಾಸ, ಆನ್‌ಲೈನ್ ಪ್ರದರ್ಶನಗಳನ್ನು ನಡೆಸಿತು. ತನ್ನ ಸಂಗ್ರಹದ ಒಂದು ಕೃತಿಯನ್ನು ಬೇರೆ ಮ್ಯೂಸಿಯಮ್ಮಿನ ಒಂದು ಕೃತಿಯ ಪಕ್ಕ ಇಟ್ಟು ಮಾತಾಡುವ ‘ಮ್ಯೂಸಿಯಮ್ಸ್ ವಿದೌಟ್ ಬಾರ್ಡರ್ಸ್’ ಎಂಬ ವಿಡಿಯೊ ಸರಣಿ ಮಾಡಿತು. 2022ರಲ್ಲಿ ಭಾರತೀಯ ಕಲೆಯ ವಿಶ್ವಕೋಶವೊಂದನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ಜೋಡಿ ಕೃತಿಗಳ ಸರಣಿ. ಸಮಕಾಲೀನ ಕಲೆಯ ಮುಂದೆ ನಿಂತಾಗ ನಮ್ಮಲ್ಲಿ ಬಹಳ ಜನರಿಗೆ ಬರುವ ಮೊದಲ ಪ್ರಶ್ನೆ ‘ಇದೇನಿದು?’ ಎಂದೇ. ಗ್ಯಾಲರಿಯಲ್ಲಿ ಅದನ್ನು ಕೇಳಲು ಸಂಕೋಚ. ಪಕ್ಕದಲ್ಲಿ ಇನ್ನೊಂದು ವಸ್ತು ಇದ್ದರೆ ಹೋಲಿಕೆಯಿಂದಲೇ ನೋಟ ಶುರುವಾಗುತ್ತದೆ, ಪಾಂಡಿತ್ಯ ಬೇಕಿಲ್ಲ.

ಅಷ್ಟೇನೂ ಒಪ್ಪಿಗೆಯಾಗದ್ದು ಎಂ.ಎಫ್. ಹುಸೇನರ ಡಿಜಿಟಲ್ ರೂಪ. ಪ್ರಶ್ನೆ ಕೇಳಿದರೆ ತೆರೆಯ ಮೇಲಿನ ಹುಸೇನ್ ಉತ್ತರಿಸುತ್ತಾರೆ. ತಂತ್ರಜ್ಞಾನದವನಾಗಿ ಮೆಚ್ಚಿದೆ. ಆದರೆ 2006ರಲ್ಲಿ ದೇಶ ಬಿಟ್ಟು, ಕತಾರ್ ಪೌರತ್ವ ಪಡೆದು, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಮನುಷ್ಯ ಅವರು. ಬದುಕಿದ್ದಾಗ ಇಲ್ಲಿಗೆ ಮರಳಲಾಗದವರು ಈಗ ಕರೆದಾಗಲೆಲ್ಲ ಬಂದು ಮಾತಾಡುತ್ತಾರೆ ಎಂಬುದು ನನ್ನನ್ನು ಕಾಡಿತು. ತೆರೆ ದೂರವನ್ನು ಅಳಿಸುವಾಗ ಆ ದೂರದ ಕಾರಣವನ್ನೂ ಅಳಿಸಬಾರದು.

ಇನ್ನೊಂದು ಕೊರತೆ ಭಾಷೆಯದು. ನಾನು ನೋಡಿದ ಕಾರ್ಯಕ್ರಮಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಟ್ಟಡ ತೆರೆದಾಗ ಅಲ್ಲಿದ್ದ ಪ್ರದರ್ಶನಗಳಲ್ಲಿ ಒಂದು ಎಲ್.ಎನ್. ತಲ್ಲೂರ್ ಅವರ ‘ಚಿರಾಗ್-ಎ-ಎಐ’. ಕುಂದಾಪುರ ಕಡೆಯ ಅವರು ಮೈಸೂರಿನಲ್ಲಿ ಚಿತ್ರಕಲೆ, ಬರೋಡಾದಲ್ಲಿ ಮ್ಯೂಸಿಯಾಲಜಿ ಓದಿ, ಕುಂದಾಪುರಕ್ಕೂ ದಕ್ಷಿಣ ಕೊರಿಯಾಕ್ಕೂ ನಡುವೆ ಬದುಕಿದವರು. ಊರು ಬಿಟ್ಟ ನಮಗೆ ಇಂಥ ಕಲಾವಿದರು ಅರ್ಥವಾಗಲು ಕಷ್ಟವಿಲ್ಲ. ಆದರೆ ಅವರ ಬಗ್ಗೆ ಓದಲು ಕೂತರೆ ಕೈಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷ್. ನನ್ನ ಮಟ್ಟಿಗೆ ಅದು ತೊಡಕಲ್ಲ. ಊರಲ್ಲಿರುವ ಅಮ್ಮನಿಗೆ ಒಂದು ಲಿಂಕ್ ಕಳಿಸೋಣವೆಂದರೆ ತೊಡಕೇ.

ಮುಚ್ಚಿದ ಕಾಲದ ಮ್ಯಾಪ್ ಒಂದು ಮಾತನ್ನು ಸಾಬೀತು ಮಾಡಿತು: ನೋಡುಗರನ್ನು ಕಾಯದೆ ಮ್ಯೂಸಿಯಮ್ಮೇ ಅವರಿದ್ದಲ್ಲಿಗೆ ಹೋಗಬಹುದು. ಹಾಗೆ ಬಂದದ್ದನ್ನು ಮನೆಯ ಮಾತಿಗೆ ತರುವ ಕೆಲಸ ಮಾತ್ರ ಮ್ಯೂಸಿಯಮ್ಮಿನದಷ್ಟೇ ಅಲ್ಲ. ನೋಡಿದ ಒಂದೊಂದು ಕೃತಿಯ ಬಗ್ಗೆ ಕನ್ನಡದಲ್ಲಿ ಒಂದೊಂದು ಪುಟ ಬರೆಯುವವರು ಈ ಪತ್ರಿಕೆಯ ಓದುಗರಲ್ಲೇ ಇದ್ದಾರೆ.