ಮಲ್ಪೆಯ ದಕ್ಕೆ, ಅಸಕುಸದ ಗೋಡೆ

ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಂತಿತೆಂದರೆ ಮಲ್ಪೆ ದಕ್ಕೆಯಲ್ಲಿ 61 ದಿನ ಬೋಟುಗಳು ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತವೆ. ಉಳಿದ ಕಾಲದಲ್ಲಿ ಬುಟ್ಟಿ, ಐಸು, ಏಲಂ ಕೂಗು. ಮುಖವೆತ್ತಿ ನೋಡಲೂ ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಬಲೆ ಹೆಣೆಯುತ್ತ ಕೂತವರಿಗೆ ಸಮಯವಿದೆ, ಮೇಲೆ ಮೋಡವಿದೆ. ಮೋಡದ ಬೆಳಕಿನಲ್ಲಿ ಕಣ್ಣಿನ ಕೆಳಗೆ ಕಡುಕಪ್ಪು ನೆರಳು ಬೀಳುವುದಿಲ್ಲ. ಉಪ್ಪುಗಾಳಿಗೆ ಒಡೆದ ಚರ್ಮದ ಒಂದೊಂದು ಗೆರೆಯೂ ಎಣಿಕೆಗೆ ಸಿಗುತ್ತದೆ. ಕ್ಯಾಮೆರಾ ಹಿಡಿದವರು ಮಾತ್ರ ಬಿಸಿಲಿಗೆ ಕಾದು ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳತ್ತ ಓಡುತ್ತಾರೆ.

ಜಪಾನಿನ ಫೋಟೊಗ್ರಾಫರ್ ಹಿರೋ ಕಿಕಾಯ್ (1945–2020) ಆಗಿದ್ದರೆ ದಕ್ಕೆ ಬಿಟ್ಟು ಕದಲುತ್ತಿರಲಿಲ್ಲವೇನೋ. ತತ್ತ್ವಶಾಸ್ತ್ರ ಓದಿ, ಲಾರಿ ಓಡಿಸಿ, ಹಡಗು ಕಟ್ಟುವಲ್ಲಿ ದುಡಿದು, ಕರಾವಳಿಯವರು ಕೇದರ ಎನ್ನುವ ಟ್ಯೂನಾ ಹಿಡಿಯುವ ಬೋಟನ್ನೂ ಹತ್ತಿ ಬಂದ ಆಸಾಮಿ. 1973ರಿಂದ ದಶಕಗಳ ಕಾಲ ಅವರು ನಿಂತದ್ದು ಟೋಕಿಯೊದ ಅಸಕುಸದಲ್ಲಿ, ಸೆನ್ಸೋಜಿ ದೇಗುಲದ ಕೆಂಪು ಗೋಡೆಯ ಮುಂದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ಕೆಂಪು ಬರೀ ಬೂದಿ ಬಣ್ಣ. ಅದರೆದುರು ಕೇಳಿ ನಿಲ್ಲಿಸಿಕೊಂಡ ಒಬ್ಬ ದಾರಿಹೋಕ, ಹ್ಯಾಸೆಲ್‌ಬ್ಲಾಡ್‌ನ ಚೌಕ ಚಿತ್ರ. ಹೆಸರಿಲ್ಲ, ಅಡಿಯಲ್ಲಿ ಒಂದೇ ಸಾಲು: ಕಸುಬೋ, ಆಡಿದ ಮಾತೋ, ತೊಟ್ಟ ಬಟ್ಟೆಯ ಸಂಗತಿಯೋ. 2003ರ ‘ಪರ್ಸೊನಾ’ದಲ್ಲಿ ಪುಟ ಮಗುಚಿದರೆ ಕೆಲವರು ಎಷ್ಟೋ ವರ್ಷಗಳ ನಂತರ ಮತ್ತೆ ಅದೇ ಗೋಡೆಯ ಮುಂದೆ ಸಿಗುತ್ತಾರೆ. ಎದೆ ಧಸಕ್ಕೆನ್ನುವುದು ಅಲ್ಲಿ.

ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಜನರನ್ನು ಅವರವರ ಬದುಕಿನ ನಡುವೆಯೇ ಹಿಡಿದರು. ಕಿಕಾಯ್ ಸುತ್ತಲಿನದನ್ನೆಲ್ಲ ಕಳೆದು ಮನುಷ್ಯನೊಬ್ಬನನ್ನೇ ಉಳಿಸಿದರು. ಎರಡನೆಯದು ಹೆಚ್ಚು ಕಷ್ಟ. ಅಡಗಲು ಫೋಟೊಗ್ರಾಫರನಿಗೂ ಜಾಗವಿಲ್ಲ.

ಜಪಾನಿನ ಫೋಟೊಗ್ರಾಫರರ ಇನ್ನೊಂದು ಹುಚ್ಚು, ಪ್ರಕಾಶಕರ ಬಾಗಿಲು ಕಾಯದಿರುವುದು. ನೊಬುಯೊಶಿ ಅರಾಕಿ 1970ರಲ್ಲಿ ಆಫೀಸಿನ ಜೆರಾಕ್ಸ್ ಯಂತ್ರದಲ್ಲೇ ಆಲ್ಬಮ್ ತೆಗೆದು ಅಂಚೆಗೆ ಹಾಕಿದವರು. ಮರುವರ್ಷ ಪತ್ನಿ ಯೋಕೊ ಜೊತೆಗಿನ ಮಧುಚಂದ್ರದ ಚಿತ್ರಗಳನ್ನು ಸ್ವಂತ ಖರ್ಚಿನಲ್ಲಿ 1000 ಪ್ರತಿ ಅಚ್ಚು ಹಾಕಿಸಿದರು. 1972ರಲ್ಲಿ ದೈದೊ ಮೊರಿಯಾಮ ‘ಕಿರೊಕು’ ಎಂಬ ತೆಳು ಪತ್ರಿಕೆಯನ್ನು ತಾವೇ ಹೊರಡಿಸಿದರು. ಉಡುಪಿ ಸೀಮೆಗೆ ಈ ಹಟ ಹೊಸದಲ್ಲ: ಕೋಟದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟುಕೊಂಡಿದ್ದವರು. ಅಚ್ಚಿನ ಕಸುಬಂತೂ ದಕ್ಕೆಯಿಂದ ಹತ್ತು ಕಿಲೋಮೀಟರ್ ಚಿಲ್ಲರೆ ದೂರದ ಮಣಿಪಾಲದಲ್ಲಿ, ಪವರ್ ಪ್ರೆಸ್ ಶುರುವಾದ 1941ರಿಂದ ಬೇರೂರಿದೆ.

ಮಲ್ಪೆಯ ದಕ್ಕೆಗೂ ಅಂಥ ಗೋಡೆಯೊಂದು ಬೇಕು. ಬೋಟಿಗೆ ಹೊದಿಸುವ ನೀಲಿ ಟಾರ್ಪಾಲ್ ಆದರೂ ನಡೆದೀತು. ಕಪ್ಪು-ಬಿಳುಪಿನಲ್ಲಿ ಅದೂ ಬೂದಿಯೇ. ಆಗಸ್ಟ್ 1ಕ್ಕೆ ಅದನ್ನು ಮಡಚಿ ಒಳಗಿಡುತ್ತಾರೆ, ಅಷ್ಟರೊಳಗೆ ಕೇಳಿಕೊಳ್ಳಬೇಕು.