ಅಜಗಣ್ಣನ ನೆರಳು, ಮುಕ್ತಾಯಕ್ಕನ ನುಡಿ

ಶರಣರ ಅಂಕಿತಗಳಲ್ಲಿ ಬಹುಪಾಲು ಇಷ್ಟದೈವದ ನಾಮಗಳೇ ಆಗಿವೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ಭಕ್ತನನ್ನು ದೈವದೊಡನೆ ನೇರವಾಗಿ ಮುಖಾಮುಖಿಯಾಗಿಸುತ್ತವೆ. ಲಕ್ಕುಂಡಿಯ ಮುಕ್ತಾಯಕ್ಕನ ಅಂಕಿತದ ಬಗೆಯೇ ಬೇರೆ. ‘ಅಜಗಣ್ಣ ತಂದೆ’ ಎಂಬುದು ಆಕೆಯ ಒಡಹುಟ್ಟಿದ ಅಣ್ಣನ ಹೆಸರು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯೂ ಸೋದರನನ್ನು ಅಂಕಿತದಲ್ಲಿ ನೆನೆದಿದ್ದಾಳೆ. ಆದರೆ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬಲ್ಲಿ ಬಸವಣ್ಣನವರು ದೈವಕ್ಕೆ ವಿಶೇಷಣವಾಗಿ ಬರುತ್ತಾರೆ. ಮುಕ್ತಾಯಕ್ಕನಲ್ಲಿ ಅಣ್ಣನೇ ತಂದೆ, ಅಣ್ಣನೇ ಗುರು. ಅವನಾಚೆಗೆ ಬೇರೊಂದು ಹೆಸರಿಲ್ಲ.

ಇದನ್ನು ಭ್ರಾತೃಭಕ್ತಿಯೆಂದು ಕೊಂಡಾಡಿ ಮುಂದೆ ಸಾಗುವುದು ವಾಡಿಕೆ. ವಿಷಯ ಅಷ್ಟು ಸರಳವಲ್ಲ. ಹಿರಿಯನ ಹಿರಿಮೆಯೊಳಗೇ ಬೆಳೆದ ಕಿರಿಯಳಿಗೆ ತನ್ನದೆಂಬ ಮಾತು ಹೇಗೆ ದಕ್ಕೀತು ಎಂಬ ಪ್ರಶ್ನೆ ಇಲ್ಲಿದೆ. ಅದರಲ್ಲೂ ಅಜಗಣ್ಣನು ಗುಪ್ತಭಕ್ತ. ಸರ್ಪವು ಮಣಿಯನ್ನು ಅಡಗಿಸುವಂತೆ ಲಿಂಗವನ್ನು ಬಾಯಲ್ಲಿ ಅಡಗಿಸಿಕೊಂಡವನೆಂದು ಐತಿಹ್ಯ. ಮಾತಿನಿಂದ ಹಿರಿಯನಾದವನನ್ನು ಮಾತಿನಿಂದ ಎದುರಿಸಬಹುದು. ಮೌನದಿಂದ ಹಿರಿಯನಾದವನ ಮುಂದೆ ತಂಗಿಯ ಪ್ರತಿಯೊಂದು ಮಾತೂ ಕಿರಿದಾಗಿಯೇ ಕಾಣುತ್ತದೆ.

ಶೂನ್ಯಸಂಪಾದನೆಯ ಕರ್ತೃಗಳು ಮುಕ್ತಾಯಕ್ಕನನ್ನು ಓದುಗರ ಮುಂದೆ ತರುವುದೇ ಅಣ್ಣನ ಅಗಲಿಕೆಯ ಗಳಿಗೆಯಲ್ಲಿ. ಗೂಳೂರು ಸಿದ್ಧವೀರಣ್ಣೊಡೆಯರ ಕೃತಿಯಲ್ಲಿ ಪ್ರಭುದೇವರ ಸಂಪಾದನೆಯ ಬೆನ್ನಿಗೇ ಈ ಪ್ರಸಂಗ ಬರುತ್ತದೆ. ಶೋಕಿಸುತ್ತಿರುವ ಆಕೆಯನ್ನು ಅಲ್ಲಮಪ್ರಭುಗಳು ಕಾಣುತ್ತಾರೆ, ಸಂವಾದ ಮೊದಲಾಗುತ್ತದೆ. ಆಕೆ ಸಾಂತ್ವನಕ್ಕೆ ಸುಲಭವಾಗಿ ಒಲಿಯುವವಳಲ್ಲ. ಅರಿವುಂಟಾದವನಿಗೆ ನುಡಿಯ ಹಂಗೇಕೆ ಎಂಬ ಧಾಟಿಯಲ್ಲಿ ಪ್ರಭುವನ್ನೇ ಕೆಣಕುತ್ತಾಳೆ. ಅಣ್ಣನ ಮೌನವೇ ಆಕೆಯ ಒರೆಗಲ್ಲು. ಅದಕ್ಕೆ ತಿಕ್ಕಿ ಅಲ್ಲಮರ ವಾಣಿಯನ್ನು ಪರೀಕ್ಷಿಸುತ್ತಾಳೆ. ಅಲ್ಲಮರೆದುರು ಇಷ್ಟು ನಿರ್ಭಿಡೆಯಿಂದ ನಿಂತವರು ವಚನಸಾಹಿತ್ಯದಲ್ಲಿ ವಿರಳ. ಅಣ್ಣನ ನೆರಳಿನಲ್ಲಿ ನಿಂತೇ ಈ ಧೈರ್ಯ ಆಕೆಗೆ ಬಂದಿತೆಂಬುದು ವಿಚಾರಾರ್ಹ. ನೆರಳು ಆಕೆಯನ್ನು ಮುಚ್ಚಿದ್ದು ನಿಜ. ಆದರೆ ಕಾಲೂರಲು ನೆಲವನ್ನು ಒದಗಿಸಿದ್ದೂ ಅದೇ.

ಸಂಪಾದನಕಾರರಿಗೆ ಪ್ರಭುವಿನ ಗೆಲುವು ಬೇಕಾಗಿತ್ತು. ಆದುದರಿಂದ ಪ್ರಸಂಗವು ಆಕೆಯ ಸಂಶಯನಿವೃತ್ತಿಯಲ್ಲಿ ಮುಗಿಯುತ್ತದೆ. ಅಣ್ಣನ ಹಿರಿಮೆಯಿಂದ ಬಿಡಿಸಿಕೊಂಡವಳನ್ನು ಇನ್ನೂ ದೊಡ್ಡ ಹಿರಿಮೆಯೊಂದರ ಅಡಿಗೆ ಇರಿಸಿದಂತಾಯಿತೆಂದರೆ ಆ ಮಹಾಕೃತಿಗೆ ಅಪಚಾರವಾಗದು. ಬಿಡಿ ವಚನಗಳನ್ನು ಸಂವಾದದ ಎಳೆಯಲ್ಲಿ ಪೋಣಿಸುವಾಗ ಅವುಗಳ ದಿಕ್ಕು ಬದಲಾಗುವುದು ಸಹಜವೇ ಸರಿ.

ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಶರಣೆಯರ ವಚನಗಳಿಗೆ ಮೀಸಲಾದುದು 5ನೆಯ ಸಂಪುಟ. ಅಲ್ಲಿ ಆಕೆಯ 30ಕ್ಕೂ ಮಿಕ್ಕ ವಚನಗಳನ್ನು ಸಂವಾದದ ಕಟ್ಟಿಲ್ಲದೆ ಓದಬಹುದು. ಹಾಗೆ ಓದಿದಾಗ ಅವು ಅಲ್ಲಮರಿಗಿತ್ತ ಉತ್ತರಗಳಾಗಿ ತೋರದೆ, ಇಲ್ಲವಾದ ಅಣ್ಣನೊಡನೆ ಮುಂದುವರಿಸಿದ ಮಾತುಕತೆಯಂತೆ ತೋರುತ್ತವೆ. ‘ಮಹಾಘನ ಸೋಮೇಶ್ವರ’ ಅಂಕಿತದಲ್ಲಿ ಅಜಗಣ್ಣನವೆಂದು ಉಳಿದಿರುವ ವಚನಗಳಾದರೋ ಬೆರಳೆಣಿಕೆಯವು. ಗೋಪ್ಯವೇ ವ್ರತವಾದವನ ಹೆಸರು ಇಂದಿಗೂ ಓದುಗರ ಕಿವಿಗೆ ಬೀಳುತ್ತಿರುವುದು ಬಹುಮಟ್ಟಿಗೆ ತಂಗಿಯ ವಚನಗಳ ಕೊನೆಯಲ್ಲಿ.