ಲಿಯೊನಾರ್ಡೊನ ಅಪೂರ್ಣತೆ

ಪಾಶ್ಚಾತ್ಯ ನವೋದಯದ ಮಹಾಪುರುಷರಲ್ಲಿ ಲಿಯೊನಾರ್ಡೊ ದ ವಿಂಚಿಯಷ್ಟು (೧೪೫೨–೧೫೧೯) ಸ್ತುತಿಗೆ ಪಾತ್ರನಾದವನೂ ಅವನಷ್ಟು ಆಕ್ಷೇಪಣೆಗೆ ಗುರಿಯಾದವನೂ ವಿರಳ. ಸ್ತುತಿ ಅವನ ಸರ್ವತೋಮುಖವಾದ ಪ್ರತಿಭೆಗೆ. ಆಕ್ಷೇಪಣೆ, ಕೈಗೊಂಡುದನ್ನು ಅವನು ಮುಗಿಸಲಿಲ್ಲವೆಂಬುದಕ್ಕೆ. ೧೫೫೦ರಲ್ಲಿ ಇಟಲಿಯ ಕಲಾವಿದರ ಚರಿತ್ರೆಗಳನ್ನು ಪ್ರಕಟಿಸಿದ ವಸಾರಿಯ ಗ್ರಂಥದಲ್ಲಿಯೇ ಇವೆರಡೂ ಜೊತೆಜೊತೆಯಾಗಿವೆ. ಇವು ಒಂದೇ ಬೇರಿನಿಂದ ಒಡೆದ ಎರಡು ಕವಲುಗಳೆಂಬುದನ್ನು ಗಮನಿಸದಿದ್ದರೆ ಲಿಯೊನಾರ್ಡೊನ ನಿಜವಾದ ಬೆಲೆ ತಿಳಿಯುವುದಿಲ್ಲ.

ಫ್ಲಾರೆನ್ಸಿನ ಸಮೀಪದ ವಿಂಚಿ ಎಂಬ ಊರಿನ ಕಡೆಯವನಾದ ಅವನು ದಸ್ತಾವೇಜು ಬರೆಯುವ ವೃತ್ತಿಯವನೊಬ್ಬನಿಗೆ ವಿವಾಹದ ಹೊರಗೆ ಹುಟ್ಟಿದ ಮಗ. ಅಂದಿನ ಪಂಡಿತರಿಗೆ ದೊರೆಯುತ್ತಿದ್ದ ಲ್ಯಾಟಿನ್ ಶಿಕ್ಷಣ ಅವನಿಗೆ ದೊರೆಯಲಿಲ್ಲ. ಅವನ ವಿದ್ಯಾಪೀಠವೆಂದರೆ ವೆರೊಕ್ಕಿಯೊ ಎಂಬ ಶಿಲ್ಪಿಯ ಕರ್ಮಶಾಲೆ. ಬಣ್ಣ ಅರೆಯುವುದು, ಲೋಹ ಎರಕ ಹೊಯ್ಯುವುದು, ಭಾರ ಎತ್ತುವ ಯಂತ್ರ ಹೂಡುವುದು ಇವೆಲ್ಲ ಅಂತಹ ಕರ್ಮಶಾಲೆಗಳಲ್ಲಿ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಗ್ರಂಥಪ್ರಮಾಣಕ್ಕಿಂತ ಪ್ರತ್ಯಕ್ಷವನ್ನು ನಂಬುವ ಅವನ ಸ್ವಭಾವ ಬೆಳೆದುದು ಇಲ್ಲಿ. ಸುಮಾರು ೧೪೮೨ರಲ್ಲಿ ಮಿಲಾನಿಗೆ ಹೋಗಿ ಅಲ್ಲಿನ ಪ್ರಭು ಲುಡೊವಿಕೊ ಸ್ಫೋರ್ಜನ ಆಶ್ರಯ ಬಯಸಿದಾಗ, ತನ್ನ ವಿನಂತಿಪತ್ರದಲ್ಲಿ ಅವನು ಮುಂದಿಟ್ಟುದು ಸೇತುವೆ, ಫಿರಂಗಿ, ಸುರಂಗಗಳ ನಿರ್ಮಾಣದ ಕೌಶಲವನ್ನು. ಚಿತ್ರಕಲೆಯ ಮಾತು ಬರುವುದು ಕಟ್ಟಕಡೆಯಲ್ಲಿ.

ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳನ್ನು ಕಾವ್ಯಹೇತುಗಳೆಂದು ಎಣಿಸಿದರು. ಅವರ ದೃಷ್ಟಿಯಲ್ಲಿ ವ್ಯುತ್ಪತ್ತಿ, ಅಂದರೆ ಲೋಕಶಾಸ್ತ್ರಗಳ ಪರಿಜ್ಞಾನ, ಕೃತಿಗೆ ಸಾಧನ. ಲಿಯೊನಾರ್ಡೊನಲ್ಲಿ ಈ ಸಾಧನವೇ ಬೆಳೆಬೆಳೆದು ಸಾಧ್ಯವಾಗಿಬಿಟ್ಟಿತು. ತೋಳನ್ನು ಬರೆಯಲು ಸ್ನಾಯುವನ್ನು ತಿಳಿಯಬೇಕು. ಸ್ನಾಯುವನ್ನು ತಿಳಿಯಲು ಶವವನ್ನು ಸೀಳಬೇಕು. ಸೀಳಿದ ಮೇಲೆ ರಕ್ತದ ಗತಿ, ಅದರಿಂದ ನೀರಿನ ಗತಿ, ಅದರಿಂದ ನದಿ, ಕಾಲುವೆ. ಹೀಗೆ ಪ್ರಶ್ನೆ ಪ್ರಶ್ನೆಯನ್ನು ಹಡೆಯುತ್ತ ಹೋದಂತೆ ಚಿತ್ರಫಲಕ ಹಿಂದುಳಿಯಿತು.

ಅವನ ಸಾಧನೆ ಸೋಲುಗಳೆರಡೂ ಎದ್ದುಕಾಣುವುದು ಮಿಲಾನಿನ ಮಠವೊಂದರ ಭೋಜನಶಾಲೆಯಲ್ಲಿ ಸುಮಾರು ೧೪೯೫ರಿಂದ ೧೪೯೮ರವರೆಗೆ ಬರೆದ ‘ಕೊನೆಯ ಭೋಜನ’ದಲ್ಲಿ. ಹಸಿಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಪದ್ಧತಿಯಲ್ಲಿ ಗಾರೆ ಆರುವುದರೊಳಗೆ ಆ ಭಾಗ ಮುಗಿಯಬೇಕು. ನಿಂತು ನೋಡುವುದಕ್ಕೆ, ತಿದ್ದುವುದಕ್ಕೆ ಅವಕಾಶ ಕಡಿಮೆ. ನೋಡುವುದನ್ನೇ ಬದುಕಾಗಿಸಿಕೊಂಡವನಿಗೆ ಇದು ಒಗ್ಗಲಿಲ್ಲ. ಅವನು ಒಣಗೋಡೆಯ ಮೇಲೆ ನಿಧಾನವಾಗಿ ಬರೆದನು. ತಮ್ಮಲ್ಲೊಬ್ಬನು ದ್ರೋಹ ಮಾಡುವನೆಂಬ ಕ್ರಿಸ್ತನ ಮಾತಿಗೆ ಹನ್ನೆರಡು ಶಿಷ್ಯರ ಮನಸ್ಸುಗಳು ಹನ್ನೆರಡು ಬಗೆಯಾಗಿ ಕದಡಿದುದನ್ನು ಮುಖದಲ್ಲಿಯೂ ಕೈಬೆರಳಿನಲ್ಲಿಯೂ ತೋರಿಸಲು ಸಾಧ್ಯವಾದುದು ಈ ನಿಧಾನದಿಂದ. ಅವನ ಜೀವಮಾನದಲ್ಲಿಯೇ ಬಣ್ಣ ಉದುರತೊಡಗಿದುದೂ ಅದೇ ಕಾರಣದಿಂದ. ೧೯೭೮ರಿಂದ ೧೯೯೯ರವರೆಗೆ ನಡೆದ ಜೀರ್ಣೋದ್ಧಾರವು ಉಳಿಸಿಕೊಟ್ಟುದು ಮೂಲದ ಶೇಷವನ್ನು ಮಾತ್ರ.

ಎಲ್ಲ ಅಪೂರ್ಣತೆಯನ್ನೂ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ಫೋರ್ಜನಿಗಾಗಿ ಕಲ್ಪಿಸಿದ ಬೃಹದಾಕಾರದ ಕುದುರೆಯ ಮಣ್ಣಿನ ಮಾದರಿ ಸಿದ್ಧವಾಗಿತ್ತು. ಅದಕ್ಕೆಂದು ಕೂಡಿಸಿದ್ದ ಕಂಚು ೧೪೯೪ರಲ್ಲಿ ಫಿರಂಗಿಗಳ ಪಾಲಾಯಿತು. ೧೪೯೯ರಲ್ಲಿ ಫ್ರೆಂಚರು ಮಿಲಾನನ್ನು ಗೆದ್ದ ಮೇಲೆ ಆ ಮಾದರಿಯೂ ಅಳಿಯಿತು.

ಆದರೆ ಅವನ ನಿಜವಾದ ನಷ್ಟವಿರುವುದು ಬೇರೆಡೆಯಲ್ಲಿ. ಮೂವತ್ತಕ್ಕೂ ಹೆಚ್ಚು ಶವಗಳನ್ನು ಸೀಳಿ ನೋಡಿದೆನೆಂದು ಅವನು ಮುಪ್ಪಿನಲ್ಲಿ ಹೇಳಿಕೊಂಡನು. ಫ್ಲಾರೆನ್ಸಿನ ಆಸ್ಪತ್ರೆಯಲ್ಲಿ ತೀರಿಕೊಂಡ ಶತಾಯುಷಿಯೊಬ್ಬನ ದೇಹವನ್ನು ಪರೀಕ್ಷಿಸಿ, ರಕ್ತನಾಳಗಳು ಸಂಕುಚಿತವಾದುದೇ ಮರಣಕಾರಣವೆಂದು ಗುರುತಿಸಿದನು. ಹೃದಯದಿಂದ ಹೊರಡುವ ಮಹಾಧಮನಿಯ ಬುಡದಲ್ಲಿ ರಕ್ತವು ಸುಳಿಸುಳಿಯಾಗಿ ತಿರುಗಿ ಕವಾಟವನ್ನು ಮುಚ್ಚಲು ನೆರವಾಗುವುದೆಂದು ಊಹಿಸಿ, ಅದನ್ನು ಗಾಜಿನ ಮಾದರಿಯೊಂದರಲ್ಲಿ ನೀರು ಹರಿಸಿ ಪರೀಕ್ಷಿಸುವ ಯೋಜನೆ ಹಾಕಿದನು. ಇಪ್ಪತ್ತನೆಯ ಶತಮಾನದ ಪ್ರಯೋಗಗಳು ಈ ಊಹೆಯನ್ನು ಸಮರ್ಥಿಸಿವೆ. ಇಷ್ಟಾದರೂ ರಕ್ತ ಪರಿಚಲನೆಯ ತತ್ತ್ವ ಅವನಿಗೆ ಹೊಳೆಯಲಿಲ್ಲ. ಆ ವಿಷಯದಲ್ಲಿ ಅವನು ಪ್ರಾಚೀನನಾದ ಗೇಲನ್ನನ ಹಿಡಿತದಿಂದ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅವನನ್ನು ಸರ್ವಜ್ಞನೆಂದು ಹಾಡುವವರು ಇದನ್ನು ಮರೆಯಬಾರದು.

ಈ ಜ್ಞಾನವೆಲ್ಲ ಎಡಗೈಯಿಂದ ಬರೆದ ಕನ್ನಡಿಬರಹದ ಹಾಳೆಗಳಲ್ಲಿಯೇ ಉಳಿಯಿತು. ಅವನು ಫ್ರಾನ್ಸಿನ ಆಂಬ್ವಾಸಿನಲ್ಲಿ ತೀರಿಕೊಂಡಾಗ ಅವು ಶಿಷ್ಯ ಮೆಲ್ತ್ಸಿಯ ವಶಕ್ಕೆ ಬಂದವು. ಅವನ ತರುವಾಯ ಚದುರಿಹೋದವು. ಈಗ ಉಳಿದಿರುವುದು ಸುಮಾರು ೭,೦೦೦ ಪುಟಗಳು. ಚಿತ್ರಕಲೆಯನ್ನು ಕುರಿತ ಅವನ ಬರಹ ಅಚ್ಚಾದುದು ೧೬೫೧ರಲ್ಲಿ. ಈ ನಡುವೆ ೧೫೪೩ರಲ್ಲಿ ವೆಸೇಲಿಯಸನ ಶರೀರಶಾಸ್ತ್ರ ಗ್ರಂಥ ಹೊರಬಿದ್ದು, ವೈದ್ಯವಿದ್ಯೆ ಅದರ ಹಾದಿ ಹಿಡಿಯಿತು. ವೆಸೇಲಿಯಸನು ತಾನು ಕಂಡುದನ್ನು ಲೋಕದ ಪರೀಕ್ಷೆಗೆ ಒಪ್ಪಿಸಿದನು. ಲಿಯೊನಾರ್ಡೊ ಕಂಡನು, ಬರೆದನು, ಒಪ್ಪಿಸಲಿಲ್ಲ.

ಆದುದರಿಂದ ಅವನನ್ನು ಆಧುನಿಕ ವಿಜ್ಞಾನದ ಜನಕನೆನ್ನುವುದು ಅತ್ಯುಕ್ತಿ. ಶಾಸ್ತ್ರವು ಒಬ್ಬನ ಕಣ್ಣಿನಿಂದ ಹುಟ್ಟಬಹುದು, ಬೆಳೆಯುವುದು ಮಾತ್ರ ಪರಂಪರೆಯಿಂದ. ಆದರೆ ಅವನ ಅಪೂರ್ಣತೆ ಸೋಮಾರಿಯ ಅಪೂರ್ಣತೆಯೂ ಅಲ್ಲ. ತಿಳಿಯದುದನ್ನು ತಿಳಿದಂತೆ ಬರೆಯಲು ಒಲ್ಲದ ಪ್ರಾಮಾಣಿಕತೆಯೇ ಅವನ ಕುಂಚವನ್ನು ತಡೆಯಿತು. ಆ ಕುಂಚ ನಡೆದ ಕೆಲವೇ ಕೃತಿಗಳಿಗೆ ಅಷ್ಟು ಆಳವನ್ನು ಕೊಟ್ಟುದೂ ಅದೇ.